ಹರಾಜಿಗೆ ಹೋಗುವ ಮುಂಚೆ ಮನೆಯಲ್ಲಿ ಆಗಬೇಕಾದ ಮಾತು

ಗಂಡನಿಗೆ 53 ವರ್ಷ, ಹೆಂಡತಿಗೆ 50. ಇಬ್ಬರೂ ಕನ್ನಡದವರು. ಅಮೆರಿಕದ ಮಿಶಿಗನ್‌ನಲ್ಲಿ, ಡೆಟ್ರಾಯ್ಟ್ ಪಕ್ಕದ ಊರೊಂದರಲ್ಲಿ ಬಹಳ ವರ್ಷಗಳಿಂದ ಇದ್ದಾರೆ. ಗಂಡ ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಎಂಜಿನಿಯರ್, ಹೆಂಡತಿಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಒಬ್ಬಳೇ ಮಗಳು, ಕಾಲೇಜಿನಲ್ಲಿ ಎರಡನೇ ವರ್ಷ. ಇಬ್ಬರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಾಯಿಸಿದ್ದೇನೆ. ಇಲ್ಲಿ ರಾಯರು, ಉಷಾ ಎಂದು ಕರೆಯುತ್ತೇನೆ.

ನಾನು ದಂಪತಿಗಳಿಗೆ ಸಲಹೆ ಕೊಡುವ ಆಪ್ತಸಮಾಲೋಚಕಿ. ನನಗೆ ಫೋನ್ ಮಾಡಿದ್ದು ಉಷಾ. ಪ್ರಿಂಟರ್ ಟ್ರೇಯಲ್ಲಿ ಅವರಿಗೆ ಒಂದು ಬ್ಯಾಂಕ್ ಪತ್ರ ಸಿಕ್ಕಿತ್ತು. 80,000 ಡಾಲರ್‌ವರೆಗೆ ಈ ಗ್ರಾಹಕರ ಖಾತೆಯಲ್ಲಿ ಹಣವಿದೆ, ನಾವು ಪಾವತಿ ಮಾಡುತ್ತೇವೆ ಎಂಬ ಗ್ಯಾರಂಟಿ ಪತ್ರ ಅದು. ದೊಡ್ಡ ಕಾರು ಹರಾಜುಗಳಲ್ಲಿ ಬಿಡ್ ಮಾಡುವವರು ನೋಂದಣಿ ಮಾಡಿಸುವಾಗ ಹೆಚ್ಚಾಗಿ ಇಂಥದ್ದೊಂದು ಪತ್ರ ಕೊಡುತ್ತಾರೆ. ಫ್ಲಾರಿಡಾದ ಕಿಸ್ಸಿಮಿಯಲ್ಲಿ ಪ್ರತಿ ಜನವರಿಯಲ್ಲಿ ಸಾವಿರಾರು ಹಳೆಯ ಕಾರುಗಳ ಹರಾಜು ನಡೆಯುತ್ತದೆ. ರಾಯರು ಅಲ್ಲಿಗೆ ಹೊರಟಿದ್ದರು. ಮನೆಯಲ್ಲಿ ಹೇಳಿದ್ದು ಮಾತ್ರ ಆಫೀಸ್ ಕೆಲಸ ಎಂದು.

ಹಣದಲ್ಲಿ 30,000 ಅವರದೇ ಉಳಿತಾಯ, ಹಳೆಯ ಬೋನಸ್. ಉಳಿದ 50,000 ನಿವೃತ್ತಿ ಖಾತೆಯಿಂದ, ಅಂದರೆ 401ಕೆಯಿಂದ ತೆಗೆದ ಸಾಲ. ಉಷಾಗೆ ಎರಡೂ ಗೊತ್ತಿರಲಿಲ್ಲ.

ಮೊದಲ ಭೇಟಿಯಲ್ಲಿ ಇಬ್ಬರೂ ಒಂದೇ ಸೋಫಾದ ಎರಡು ತುದಿಯಲ್ಲಿ ಕೂತರು. ಉಷಾ ಕೇಳಿದ್ದು ಒಂದೇ ಪ್ರಶ್ನೆ: "ರೀ, ಕಾರು ಬೇಕು ಅಂತ ನನ್ನ ಹತ್ರ ಒಂದು ಮಾತು ಹೇಳೋಕೆ ಏನಾಗಿತ್ತು?" ರಾಯರ ಉತ್ತರವೂ ಚಿಕ್ಕದು: "ಹೇಳಿದ್ರೆ ನೀನು ಬೇಡ ಅಂತಿದ್ದೆ." ಇಲ್ಲಿಂದಲೇ ನಮ್ಮ ಕೆಲಸ ಶುರುವಾಯಿತು.

ಮಧ್ಯವಯಸ್ಸಿನಲ್ಲಿ ಒಬ್ಬರು ಇದ್ದಕ್ಕಿದ್ದಂತೆ ಇಷ್ಟು ದೊಡ್ಡ ಮೊತ್ತ ಖರ್ಚು ಮಾಡಲು ಹೊರಟರೆ ನಾನು ಮೊದಲು ಕೆಲವು ವಿಷಯ ವಿಚಾರಿಸುತ್ತೇನೆ. ನಿದ್ರೆ ಹೇಗಿದೆ, ಕುಡಿತ ಜಾಸ್ತಿ ಆಗಿದೆಯಾ, ಜೂಜು, ಷೇರು, ಬೇರೆ ಸಾಲ ಏನಾದರೂ ಇದೆಯಾ, ಮಾತು ವಿಪರೀತ ವೇಗವಾಗಿದೆಯಾ, ಅಥವಾ ಎಲ್ಲದರಲ್ಲೂ ಆಸಕ್ತಿ ಹೋಗಿದೆಯಾ. ಇಂಥ ಖರ್ಚು ಕೆಲವೊಮ್ಮೆ ಕಾಯಿಲೆಯ ಲಕ್ಷಣವಾಗಿರುತ್ತದೆ, ಆಗ ಸಲಹೆಗಿಂತ ಮೊದಲು ಮನೋವೈದ್ಯರು ಬೇಕು. ರಾಯರಲ್ಲಿ ಅಂಥದ್ದೇನೂ ಕಾಣಲಿಲ್ಲ. ಇಪ್ಪತ್ತು ವರ್ಷ ಒಂದೇ ಚಳಿಗಾಲದ ಕೋಟು ಹಾಕಿದ ಮನುಷ್ಯ.

ಅವರ ಗೆಳೆಯರ ಬಳಗದಲ್ಲಿ ಆಗಲೇ ತೀರ್ಪು ಆಗಿತ್ತು. ಸುದ್ದಿ ಹೇಗೋ ಹರಡಿ, ಊಟಕ್ಕೆ ಸೇರಿದ ಕಡೆ ಒಬ್ಬರು "ಅರವತ್ತಕ್ಕೆ ಅರಳು ಮರಳು ಅಂತಾರೆ, ನಿನಗೆ ಐವತ್ತಕ್ಕೇ ಬಂತಲ್ಲಯ್ಯ" ಎಂದರಂತೆ. ಎಲ್ಲರೂ ನಕ್ಕರಂತೆ. ನನಗೆ ಇದು ಹಿಡಿಸುವುದಿಲ್ಲ. ಒಬ್ಬ ಮನುಷ್ಯ ಜೀವನದಲ್ಲಿ ಒಂದು ಸಲ ತನಗೆಂದು ಏನನ್ನೋ ಬಯಸಿದಾಗ ಅದಕ್ಕೊಂದು ಹೆಸರಿಟ್ಟು ನಕ್ಕುಬಿಟ್ಟರೆ, ಆ ಆಸೆ ಹೋಗುವುದಿಲ್ಲ, ಬಾಯಿ ಮುಚ್ಚಿಕೊಂಡು ಒಳಗೇ ಇರುತ್ತದೆ. ಆಮೇಲೆ ಅದು ಪ್ರಿಂಟರ್ ಟ್ರೇಯಲ್ಲಿ ಸಿಗುತ್ತದೆ. ಹಾಗಾಗಿ ನಾನು ಕೇಳಿದ್ದು, ಯಾವ ಕಾರು, ಯಾಕೆ ಅದೇ ಕಾರು ಎಂದು.

ರಾಯರು ಮುಂದಿನ ಸಲ ಹರಾಜಿನ ಪಟ್ಟಿಯ ಒಂದು ಹಾಳೆ ತಂದರು. ನಾಲ್ಕಾಗಿ ಮಡಚಿ ಮಡಚಿ ಮಡಿಕೆಯಲ್ಲಿ ಬಣ್ಣ ಹೋಗಿತ್ತು. ಕಿತ್ತಳೆ ಬಣ್ಣದ 1969ರ ಪಾಂಟಿಯಾಕ್ ಜಿಟಿಓ, 'ಜಡ್ಜ್' ಮಾದರಿ. ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆದ ಸಣ್ಣ ಸಣ್ಣ ಅಂಕಿಗಳು. ಒಂದರ ಮೇಲೊಂದು ಮೂರು ಬೆಲೆ ಹೊಡೆದುಹಾಕಿ ನಾಲ್ಕನೆಯದು ಬರೆದಿದ್ದರು, ಪ್ರತಿ ಸಲವೂ ಹಿಂದಿನದಕ್ಕಿಂತ ಜಾಸ್ತಿ. ಉಷಾ ಆ ಹಾಳೆಯನ್ನು ತುಂಬಾ ಹೊತ್ತು ನೋಡಿದರು.

ಈ ಕಾರಿನ ಕಥೆ ಡೆಟ್ರಾಯ್ಟ್ ಪ್ರದೇಶದ್ದೇ. ಜನರಲ್ ಮೋಟರ್ಸ್ ತನ್ನ ಮಧ್ಯಮ ಗಾತ್ರದ ಕಾರುಗಳಿಗೆ 330 ಘನ ಇಂಚಿಗಿಂತ ದೊಡ್ಡ ಎಂಜಿನ್ ಹಾಕಬಾರದು ಎಂದು ನಿಯಮ ಮಾಡಿಕೊಂಡಿತ್ತು. 1964ರಲ್ಲಿ ಪಾಂಟಿಯಾಕ್ ವಿಭಾಗದ ಜಾನ್ ಡಿಲೋರಿಯನ್ ಮತ್ತು ಅವರ ತಂಡ 389 ಘನ ಇಂಚಿನ ವಿ8 ಎಂಜಿನ್ ಅನ್ನು ಟೆಂಪೆಸ್ಟ್ ಕಾರಿಗೆ ಹಾಕಿ, ಅದು ಗ್ರಾಹಕರು ಆರಿಸಿಕೊಳ್ಳುವ ಜಿಟಿಓ ಎಂಬ ಹೆಚ್ಚುವರಿ ಸೌಲಭ್ಯ ಎಂದು ತೋರಿಸಿತು. ಮಧ್ಯಮ ಗಾತ್ರದ ಕಾರಿಗೆ ದೊಡ್ಡ ಎಂಜಿನ್ ಹಾಕಿದ ಇಂಥ 'ಮಸಲ್ ಕಾರು'ಗಳ ಓಟ ಶುರುವಾದದ್ದು ಅಲ್ಲಿಂದ ಎಂದು ಹೆಚ್ಚಿನವರು ಒಪ್ಪುತ್ತಾರೆ. ವಿಮೆ ದುಬಾರಿಯಾಯಿತು, ಹೊಗೆ ನಿಯಮ ಬಿಗಿಯಾಯಿತು, 1973ರಲ್ಲಿ ತೈಲದ ಬಿಕ್ಕಟ್ಟು ಬಂತು. ಹತ್ತು ವರ್ಷದಲ್ಲಿ ಆ ಕಾಲ ಮುಗಿದೇಹೋಯಿತು. ಡೆಟ್ರಾಯ್ಟ್‌ನಿಂದ ಪಾಂಟಿಯಾಕ್ ಊರಿಗೆ ಹೋಗುವ ವುಡ್‌ವರ್ಡ್ ಅವೆನ್ಯೂದಲ್ಲಿ 1995ರಿಂದ ಪ್ರತಿ ಆಗಸ್ಟ್‌ನಲ್ಲಿ ಹಳೆಯ ಕಾರುಗಳ ಮೆರವಣಿಗೆ ನಡೆಯುತ್ತದೆ. ರಾಯರು ಅಮೆರಿಕಕ್ಕೆ ಬಂದ ಹೊಸದರಲ್ಲಿ ಜೊತೆಗೆ ಕೆಲಸ ಮಾಡುವ ಹಿರಿಯ ತಂತ್ರಜ್ಞರೊಬ್ಬರು ತಮ್ಮ ಜಡ್ಜ್‌ನಲ್ಲಿ ಅವರನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದರು. ಪ್ರತಿ ವರ್ಷ ಅದೊಂದು ವಾಡಿಕೆಯಾಯಿತು.

ಆಮೇಲೆ 2009 ಬಂತು. ಏಪ್ರಿಲ್‌ನಲ್ಲಿ ಪಾಂಟಿಯಾಕ್ ಬ್ರ್ಯಾಂಡನ್ನೇ ಮುಚ್ಚುತ್ತೇವೆ ಎಂದು ಜನರಲ್ ಮೋಟರ್ಸ್ ಹೇಳಿತು. ಜೂನ್ 1ಕ್ಕೆ ದಿವಾಳಿ ಅರ್ಜಿ ಹಾಕಿತು. ಬಿಡಿಭಾಗದ ಕಂಪನಿಗಳಲ್ಲಿ ಕೆಲಸ ಹೋದವರಲ್ಲಿ ರಾಯರೂ ಒಬ್ಬರು, ಆ ಹಿರಿಯರೂ ಒಬ್ಬರು. ಮನೆ ಕಂತು ಕಟ್ಟಲು ಹಿರಿಯರು ಕಾರನ್ನು ಮಾರಿದರು. ಮಾರುವ ದಿನ ರಾಯರು ಜೊತೆಗಿದ್ದರಂತೆ. ಇದನ್ನು ಉಷಾ ಮೊದಲ ಸಲ ಕೇಳಿದ್ದು ನನ್ನ ಕೋಣೆಯಲ್ಲಿ.

ಉಷಾಗೂ ಒಂದು 2009 ಇತ್ತು. ಮಗಳು ಆಗ ಚಿಕ್ಕವಳು. ಇವರೊಬ್ಬರ ಸಂಬಳದಲ್ಲಿ ಮನೆ ನಡೆಯಬೇಕು. ಮನೆಯ ಬೆಲೆ ಉಳಿದಿರುವ ಸಾಲಕ್ಕಿಂತ ಕೆಳಗೆ ಇಳಿದಿತ್ತು, ಮಾರಿದರೂ ಬಿಡುಗಡೆ ಇಲ್ಲ. ರಾತ್ರಿ ಪಾಳಿ ಮುಗಿಸಿ ಬಂದು ಕಾರಿನಲ್ಲೇ ಕೂತು ಲೆಕ್ಕ ಹಾಕಿ, ಆಮೇಲೆ ಒಳಗೆ ಹೋಗುತ್ತಿದ್ದರಂತೆ, ಗಂಡನಿಗೆ ತನ್ನ ಮುಖ ಕಾಣಬಾರದು ಎಂದು. ಇದನ್ನು ರಾಯರು ಮೊದಲ ಸಲ ಕೇಳಿದ್ದೂ ಅಲ್ಲೇ.

ನಾನು ಇಬ್ಬರಿಗೂ ಕೇಳಿಕೊಂಡದ್ದು ಒಬ್ಬರು ಹೇಳುವಾಗ ಇನ್ನೊಬ್ಬರು ಮಧ್ಯೆ ಬಾಯಿ ಹಾಕಬಾರದು, ಸಮಜಾಯಿಷಿ ಕೊಡಬಾರದು, ಅಷ್ಟೇ. ರಾಯರಿಗೆ ಆ ಕಾರು ಯಾಕೆ ಬೇಕು ಎಂಬುದೂ, ಉಷಾಗೆ ಆ ಸಾಲ ಯಾಕೆ ಅಷ್ಟು ಭಯ ಎಂಬುದೂ ಒಂದೇ ವರ್ಷದಿಂದ ಬಂದಿದ್ದವು. ಇಷ್ಟು ವರ್ಷ ಒಂದೇ ಮನೆಯಲ್ಲಿ ಇದ್ದು, ಇದರ ಬಗ್ಗೆ ಮಾತೇ ಆಗಿರಲಿಲ್ಲ.

ಇನ್ನು ಕೊಟ್ಟ ಸಲಹೆ. ಮೊದಲು ಸಾಲದ ವಿಷಯ, ಏಕೆಂದರೆ ಅದು ಕಾಯುವಂಥದ್ದಲ್ಲ. 401ಕೆಯಿಂದ ಖಾತೆಯ ಅರ್ಧದಷ್ಟು, ಹೆಚ್ಚೆಂದರೆ 50,000 ಡಾಲರ್ ಸಾಲ ಪಡೆಯಬಹುದು, ಐದು ವರ್ಷದಲ್ಲಿ ತೀರಿಸಬೇಕು. ಕೇಳಲು ಸುಲಭ. ಆದರೆ ಕೆಲಸ ಹೋದರೆ ಮುಂದಿನ ತೆರಿಗೆ ಸಲ್ಲಿಕೆಯ ಗಡುವಿನೊಳಗೆ ಬಾಕಿ ಕಟ್ಟಬೇಕಾಗುತ್ತದೆ. ಕಟ್ಟದಿದ್ದರೆ ಆ ಬಾಕಿಯನ್ನು ಆದಾಯ ಎಂದು ಲೆಕ್ಕ ಹಿಡಿದು ತೆರಿಗೆ ಹಾಕುತ್ತಾರೆ, ರಾಯರ ವಯಸ್ಸಿಗೆ 10 ಶೇಕಡಾ ದಂಡವೂ ಸೇರುತ್ತದೆ. ಒಮ್ಮೆ ಕೆಲಸ ಕಳೆದುಕೊಂಡ ಉದ್ಯಮದಲ್ಲೇ ಇದ್ದುಕೊಂಡು ಈ ಸಾಲ ಇಟ್ಟುಕೊಳ್ಳುವುದು ಬೇಡ, ಕಾರು ಬರಲಿ ಬಿಡಲಿ, ಈ ಹಣ ವಾಪಸ್ ಹೋಗಲಿ ಎಂದೆ. ಅದೇ ವಾರ ಪೂರ್ತಿ ಕಟ್ಟಿದರು. ಕಿಸ್ಸಿಮಿಗೆ ಹೋಗುವುದೂ ನಿಂತಿತು. ರಾಯರಿಗೆ ತುಂಬಾ ಕಷ್ಟವಾಯಿತು, ಎರಡು ವಾರ ಸರಿಯಾಗಿ ಮಾತಾಡಲಿಲ್ಲ.

ಉಷಾಗೆ ಹೇಳಿದ್ದು: ಹಂಗಿಸಬೇಡಿ. ಮುಂದೆ ಯಾವತ್ತಾದರೂ ಬೇರೆ ಜಗಳ ಬಂದಾಗ "ಅವತ್ತು ಕಾರಿಗೆ ದುಡ್ಡು ತೆಗೆದಿರಲ್ಲ" ಎಂದು ಎತ್ತಬೇಡಿ. ಬೇಡ ಎನ್ನುವ ಹಕ್ಕು ನಿಮಗಿದೆ. ಆದರೆ "ಯಾಕೆ ಬೇಕು" ಎಂದು ವಿಚಾರಣೆ ಮಾಡುವ ಬದಲು "ಎಷ್ಟರವರೆಗೆ" ಎಂದು ಕೇಳಿ ನೋಡಿ. ಅವರು ಒಪ್ಪಿದರು, ಒಂದು ಷರತ್ತಿನ ಮೇಲೆ: ನಿವೃತ್ತಿ ಹಣ, ಮಗಳ ಓದಿನ ಹಣ, ಮನೆ ಮೇಲಿನ ಸಾಲ, ಈ ಮೂರನ್ನೂ ಮುಟ್ಟಬಾರದು. ನನಗೆ ಅದು ನ್ಯಾಯವಾಗಿಯೇ ಕಂಡಿತು.

ಹಾಗೆ ಕೂತು ಲೆಕ್ಕ ಹಾಕಿದಾಗ ಬಂದ ಮೊತ್ತ 45,000. ರಾಯರ 30,000, ಜೊತೆಗೆ ಆ ವರ್ಷದ ಬೋನಸ್ ಮತ್ತು ಮನೆ ಮುಂದೆ ಸುಮ್ನೆ ನಿಂತಿದ್ದ ಮೂರನೇ ಕಾರು ಮಾರಿದ ಹಣ. ಇಷ್ಟಕ್ಕೆ ನಿಜವಾದ ಜಡ್ಜ್ ಸಿಗುವುದಿಲ್ಲ, ಅದರ ಅಣ್ಣತಮ್ಮಂದಿರಾದ ಸಾಮಾನ್ಯ ಜಿಟಿಓಗಳು ಸಿಗುತ್ತವೆ. 1969ರಲ್ಲಿ ಜಿಟಿಓ ಎಪ್ಪತ್ತು ಸಾವಿರಕ್ಕೂ ಹೆಚ್ಚು ತಯಾರಾಗಿತ್ತು, ಜಡ್ಜ್ ಏಳು ಸಾವಿರದೊಳಗೆ.

ಇಲ್ಲಿ ಹೆಚ್ಚಿನವರು ಎಡವುತ್ತಾರೆ. 45,000 ಇದೆ ಎಂದರೆ 45,000ದವರೆಗೆ ಕೂಗಬಹುದು ಎಂದು ರಾಯರೂ ಅಂದುಕೊಂಡಿದ್ದರು. ಸುತ್ತಿಗೆ ಬೀಳುವ ಬೆಲೆಯ ಮೇಲೆ ಹರಾಜಿನವರು ಖರೀದಿದಾರರಿಂದ ಸುಮಾರು 10 ಶೇಕಡಾ ಕಮಿಷನ್ ತೆಗೆದುಕೊಳ್ಳುತ್ತಾರೆ. ಅದರ ಮೇಲೆ ಮಿಶಿಗನ್‌ನಲ್ಲಿ 6 ಶೇಕಡಾ ತೆರಿಗೆ. ಲಾರಿಯಲ್ಲಿ ತರಿಸುವ ಖರ್ಚು ಬೇರೆ. ಉಷಾ ಪೆನ್ನು ತೆಗೆದುಕೊಂಡು ಹಿಂದಿನಿಂದ ಲೆಕ್ಕ ಹಾಕಿದರು. 36,000ಕ್ಕೆ ಸುತ್ತಿಗೆ ಬಿದ್ದರೆ ಕಮಿಷನ್ ಸೇರಿ 39,600. ತೆರಿಗೆ ಸೇರಿ 41,976. ಸಾಗಣೆಗೆ ಸಾವಿರ. ಉಳಿದ ಎರಡು ಸಾವಿರ ಟೈರು, ಬ್ರೇಕು, ಕಾರ್ಬ್ಯುರೇಟರಿಗೆ. ಹೀಗೆ 36,000 ಎಂಬ ಸಂಖ್ಯೆ ಬಂತು. ಇಬ್ಬರೂ ಅದರ ಕೆಳಗೆ ಸಹಿ ಹಾಕಿದರು. ಸಹಿ ಹಾಕಿಸಿದ್ದು ನಾನೇ.

ಆಮೇಲೆ ಒಂದು ದಿನ ಕೋಣೆಯಲ್ಲೇ ಹರಾಜು ನಡೆಸಿದೆ. ನಾನು ಕೂಗುವವಳು, ಉಷಾ ಎದುರು ಬಿಡ್ ಮಾಡುವವರು, ರಾಯರ ಕೈಯಲ್ಲಿ ಒಂದು ರಟ್ಟಿನ ಕಾರ್ಡು. 25,000ದಿಂದ ಶುರು, ಸಾವಿರ ಸಾವಿರ ಏರಿಕೆ, ಎಲ್ಲೂ ಉಸಿರಾಡಲು ಬಿಡಲಿಲ್ಲ. ನಿಜವಾದ ಹರಾಜಿನಲ್ಲೂ ಹೀಗೇ. ಒಂದು ಕಾರಿಗೆ ಸಿಗುವುದು ಕೆಲವೇ ನಿಮಿಷ. ಪಕ್ಕದಲ್ಲಿ ರಿಂಗ್‌ಮನ್ ಎಂಬ ಒಬ್ಬ ಬಂದು ನಿಂತು, ಕಣ್ಣಲ್ಲಿ ಕಣ್ಣಿಟ್ಟು, ಇನ್ನೊಂದೇ ಒಂದು ಎಂದು ಹುರಿದುಂಬಿಸುತ್ತಾನೆ. ಅದು ಅವನ ಕೆಲಸ. ರಾಯರ ಕಿವಿ ಕೆಂಪಾಯಿತು, ಕೂತಲ್ಲೇ ಮುಂದೆ ಬಾಗಿದರು, 36,000 ದಾಟಿದ್ದು ಅವರಿಗೆ ಗೊತ್ತೇ ಆಗಲಿಲ್ಲ. ನಾನು 46,000ದಲ್ಲಿ ನಿಲ್ಲಿಸಿದೆ. "ಕಾರೇ ಇಲ್ಲದೆ ಹತ್ತು ಸಾವಿರ ಜಾಸ್ತಿ ಕೂಗಿದ್ರಲ್ರೀ" ಎಂದರು ಉಷಾ. ರಾಯರು ಕಾರ್ಡನ್ನು ಅವರ ಕೈಗೆ ಕೊಟ್ಟು, "ಅಲ್ಲೂ ಇದು ನಿನ್ನ ಹತ್ರಾನೇ ಇರಲಿ" ಎಂದರು. ನಾನು ಹೇಳಬೇಕೆಂದಿದ್ದ ಸಲಹೆಯನ್ನು ಅವರೇ ಹೇಳಿದರು.

ಬಿಡ್ ಮಾಡುವಾಗ ಬರುವ ಆ ಬಿಸಿ ದುರ್ಬಲ ಮನಸ್ಸಿನವರಿಗೆ ಮಾತ್ರ ಬರುವುದಲ್ಲ. ಎದುರಿಗೆ ಇನ್ನೊಬ್ಬರು ಕೈ ಎತ್ತಿದಾಗ ವಸ್ತು ಆಗಲೇ ನಮ್ಮದಾಗಿತ್ತು, ಈಗ ಯಾರೋ ಕಿತ್ತುಕೊಳ್ಳುತ್ತಿದ್ದಾರೆ ಅನಿಸುತ್ತದೆ. ಅದಕ್ಕೇ ಮಿತಿಯನ್ನು ಮನೆಯಲ್ಲಿ, ತಣ್ಣಗಿರುವಾಗ ಹಾಕಬೇಕು. ಹರಾಜಿನ ದಿನ ಒಂದು ಗುಟುಕು ಮದ್ಯವೂ ಬೇಡ, ಗುರುತು ಹಾಕಿದ ಕಾರು ಕೈತಪ್ಪಿದರೆ ಅದೇ ಬಿಸಿಯಲ್ಲಿ ಮುಂದಿನ ಕಾರಿಗೆ ಕೈ ಎತ್ತುವುದೂ ಬೇಡ ಎಂದು ಸೇರಿಸಿದೆ.

ಕಾರು ನೋಡುವ ವಿಷಯದಲ್ಲಿ ರಾಯರೇ ನನಗೆ ಪಾಠ ಮಾಡಿದರು. ಹೆಂಡತಿಗೆ ಅದನ್ನು ವಿವರಿಸುವುದೇ ಅವರಿಗೆ ನಾನು ಕೊಟ್ಟ ಮನೆಗೆಲಸ. 1969ರ ಜಿಟಿಓದ ವಿನ್ ನಂಬರ್, ಅಂದರೆ ಕಾರಿನ ಗುರುತಿನ ಸಂಖ್ಯೆ, 242ರಿಂದ ಶುರುವಾಗಬೇಕು, ಗಾಜಿನ ಹಿಂದೆ ಡ್ಯಾಶ್‌ಬೋರ್ಡ್ ಮೇಲೆ ಕಾಣುತ್ತದೆ. 237 ಇದ್ದರೆ ಅದು ಪಾಂಟಿಯಾಕ್‌ನದೇ ಇನ್ನೊಂದು ಮಾದರಿ ಲೆಮಾನ್ಸ್‌ಗೆ ಜಿಟಿಓ ವೇಷ ಹಾಕಿದ್ದು. ಏಳನೇ ಜಾಗದಲ್ಲಿ ಪಿ ಅಕ್ಷರ ಇದ್ದರೆ ಪಾಂಟಿಯಾಕ್ ಊರಿನ ಕಾರ್ಖಾನೆಯಲ್ಲೇ ಆದದ್ದು. ಎಂಜಿನ್ ಬ್ಲಾಕಿನ ಮೇಲೂ ಅದೇ ನಂಬರಿನ ತುಣುಕು ಇರಬೇಕು, ಇಲ್ಲದಿದ್ದರೆ ಎಂಜಿನ್ ಬದಲಾಗಿದೆ. ಆದರೆ ಜಡ್ಜ್ ಹೌದೋ ಅಲ್ಲವೋ ಎಂದು ವಿನ್ ಹೇಳುವುದಿಲ್ಲ. ಅದಕ್ಕೆ ಪಾಂಟಿಯಾಕ್ ಹಿಸ್ಟಾರಿಕ್ ಸರ್ವೀಸಸ್‌ನಿಂದ ಕಾರ್ಖಾನೆಯ ಹಳೆಯ ಬಿಲ್ಲಿನ ಪ್ರತಿ ತರಿಸಬೇಕು. ಹಿಂದಿನ ಚಕ್ರದ ಮೇಲಿನ ತಗಡಿಗೆ ಆಯಸ್ಕಾಂತ ಹಿಡಿದರೆ, ಅಂಟದ ಕಡೆ ತುಕ್ಕಿನ ಮೇಲೆ ಮೆತ್ತಿದ ಪುಟ್ಟಿ ಇರುತ್ತದೆ. ಹರಾಜಿನಲ್ಲಿ ಇದ್ದದ್ದು ಇದ್ದ ಹಾಗೇ ಮಾರಾಟ. ಹಾಗಾಗಿ ಇದೆಲ್ಲ ಮುನ್ನಾ ದಿನವೇ ಆಗಬೇಕು, ಹಣ ಕೊಟ್ಟು ಪರಿಣತರೊಬ್ಬರಿಂದ ಅಡಿಭಾಗ ನೋಡಿಸಬೇಕು ಎಂಬುದು ಇಬ್ಬರ ತೀರ್ಮಾನವಾಯಿತು.

ಮೇ ತಿಂಗಳಲ್ಲಿ ಇಬ್ಬರೂ ಇಂಡಿಯಾನಪೊಲಿಸ್ ಹರಾಜಿಗೆ ಹೋದರು. ಎರಡು ಕಾರು ಗುರುತು ಹಾಕಿಕೊಂಡಿದ್ದರು. ಒಂದು ಹಸಿರು ಬಣ್ಣದ್ದು 44,000ಕ್ಕೆ ಬೇರೆಯವರ ಪಾಲಾಯಿತು. 36,000 ದಾಟಿದಾಗ ಉಷಾ ಕಾರ್ಡನ್ನು ಕೈಚೀಲಕ್ಕೆ ಹಾಕಿಕೊಂಡರಂತೆ, ರಾಯರು ಏನೂ ಅನ್ನಲಿಲ್ಲವಂತೆ. ಎರಡನೆಯದಕ್ಕೆ ಇವರದೇ 35,000 ಕೊನೆಯ ಕೂಗು. ಆದರೆ ಮಾರುವವರು ಇಟ್ಟಿದ್ದ ಕನಿಷ್ಠ ಬೆಲೆ ಮುಟ್ಟಲಿಲ್ಲ. ಆಮೇಲೆ ಅವರು ಬಂದು 41,000 ಕೇಳಿದರು. ರಾಯರೇ ಆಗುವುದಿಲ್ಲ ಎಂದರು.

ಈಗ ತಿಂಗಳಿಗೊಮ್ಮೆ ನನ್ನ ಹತ್ತಿರ ಬರುತ್ತಾರೆ. ಮಗಳ ಓದು ಮುಗಿದ ಮೇಲೆ ಎಲ್ಲಿರಬೇಕು, ಉಷಾ ರಾತ್ರಿ ಪಾಳಿ ಯಾವಾಗ ಬಿಡಬೇಕು ಎಂಬ ಮಾತೇ ಜಾಸ್ತಿ. 45,000 ಬೇರೆ ಖಾತೆಯಲ್ಲಿ ಇದೆ, ಇಬ್ಬರಿಗೂ ಕಾಣುವಂತೆ. ಬರುವ ಜನವರಿಯ ಹರಾಜಿಗೆ ಈ ಸಲ ಇಬ್ಬರ ಹೆಸರಿನಲ್ಲೂ ನೋಂದಣಿ ಆಗಿದೆ.