ಹಸಿರು ಬಣ್ಣದ ಕೆಳಗಿದ್ದ ಹಿತ್ತಾಳೆ

ನಮಸ್ಕಾರ. ಕ್ಯಾಲಿಫೋರ್ನಿಯಾದ ಸನಿವೇಲ್‌ಗೆ ಬಂದು ಮೂರು ತಿಂಗಳಾಯಿತು, ಕೆಲಸಕ್ಕೂ ಮನೆಗೂ ಕೊರತೆಯಿಲ್ಲ, ಆದರೆ ಶನಿವಾರ ಬಂತೆಂದರೆ ಹೊತ್ತು ಹೋಗುವುದಿಲ್ಲ, ಇಲ್ಲಿನವರ ಪರಿಚಯ ಮಾಡಿಕೊಳ್ಳುವುದು ಹೇಗೆ ಎಂದು ಕೇಳಿದ್ದೀರಿ. ಇಪ್ಪತ್ತು ವರ್ಷಗಳ ಹಿಂದೆ ನನ್ನ ಶನಿವಾರಗಳೂ ಹಾಗೆಯೇ ಇದ್ದವು. ಅವು ಬದಲಾದದ್ದು ಒಂದು ಹಳೆಯ ಸೈಕಲ್ ಫ್ರೇಮಿನಿಂದಾದ್ದರಿಂದ ಅದರ ಸಂಗತಿಯನ್ನೇ ಬರೆಯುತ್ತೇನೆ.

ಸ್ಯಾನ್ ಫ್ರಾನ್ಸಿಸ್ಕೋದ ಉತ್ತರಕ್ಕಿರುವ ಸ್ಯಾನ್ ರಫಯೆಲ್ ಊರಿನ ಒಂದು ಗ್ಯಾರೇಜ್ ಸೇಲ್‌ನಲ್ಲಿ, ಚಕ್ರಗಳಿಲ್ಲದೆ, ಬ್ರಷ್ಷಿನಿಂದ ದಪ್ಪಗೆ ಹಸಿರು ಬಣ್ಣ ಬಳಿಸಿಕೊಂಡು ಅದು ಗೋಡೆಗೆ ಒರಗಿತ್ತು. ಗಂಟೆಗಿಷ್ಟೆಂದು ಬಾಡಿಗೆ ಸೈಕಲ್ ತಂದು ಶಿವಮೊಗ್ಗದ ಬೀದಿಗಳಲ್ಲಿ ತುಳಿದವನು ನಾನು. ಇಪ್ಪತ್ತು ಡಾಲರ್ ಕೊಟ್ಟು ತಂದೆ. ಮನೆಯಲ್ಲಿ ಒಂದು ಮೂಲೆಯನ್ನು ಎಮರಿ ಪೇಪರಿನಿಂದ ಉಜ್ಜಿದಾಗ ಕೈ ತಾನಾಗಿ ನಿಂತಿತು. ನಮ್ಮ ಸೈಕಲ್ಲುಗಳಲ್ಲಿ ಕೊಳವೆಗಳು ಸೇರುವ ಕಡೆ ತುದಿಗಳನ್ನು ಒಳಗೆ ಹಿಡಿದಿಡುವ ಉಕ್ಕಿನ ಜೋಡಣೆ ತುಂಡುಗಳಿರುತ್ತವಲ್ಲ, ಅವು ಇಲ್ಲಿ ಇರಲೇ ಇಲ್ಲ. ಒಂದು ಕೊಂಬೆಯಿಂದ ಇನ್ನೊಂದು ಕೊಂಬೆ ಒಡೆದಂತೆ ಕೊಳವೆಗಳು ನುಣ್ಣಗೆ ಕೂಡಿದ್ದವು, ಆ ತಿರುವಿನಲ್ಲಿ ಹಿತ್ತಾಳೆ ಹಳದಿಯಾಗಿ ಮಿನುಗುತ್ತಿತ್ತು. ಬೆಸೆದ ಹಿತ್ತಾಳೆಯನ್ನು ಅರದಿಂದ ಉಜ್ಜಿ ಆ ನುಣುಪು ತರಬೇಕು; ಅದು ಗಂಟೆಗಟ್ಟಲೆ ಹಿಡಿಯುವ ಕೆಲಸ.

ಹತ್ತಿರದ ಫೇರ್‌ಫ್ಯಾಕ್ಸ್ ಊರಿನ ಒಬ್ಬ ವಯಸ್ಸಾದ ಸೈಕಲ್ ರಿಪೇರಿಯವರ ಬಳಿಗೆ ಒಯ್ದೆ. ಅವರು ಫ್ರೇಮನ್ನು ತಲೆಕೆಳಗು ಮಾಡಿ, ಬೆಸುಗೆಯ ಮೇಲೆ ಹೆಬ್ಬೆರಳು ಆಡಿಸಿ, ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ಇದು ಮೌಂಟನ್ ಬೈಕುಗಳನ್ನು, ಅಂದರೆ ಗುಡ್ಡದ ಮಣ್ಣುದಾರಿಗೆಂದೇ ಮಾಡುವ ಸೈಕಲ್ಲುಗಳನ್ನು, ಆರಂಭದಲ್ಲೇ ಕಟ್ಟಿದವರಲ್ಲೊಬ್ಬರಾದ ಟಾಮ್ ರಿಚಿ ಕೈಯಾರೆ ಮಾಡಿದ ಮೊದಮೊದಲ ಫ್ರೇಮುಗಳಲ್ಲೊಂದು ಎಂದರು.

ಅಂದು ಸಂಜೆಯವರೆಗೆ ಕುಳಿತು ಕೇಳಿದ ಕಥೆಯಿಂದ ಈ ಸೀಮೆ ನನಗೆ ಪರಿಚಯವಾಯಿತು. 1970ರ ದಶಕದಲ್ಲಿ ಇಲ್ಲಿನ ಮೌಂಟ್ ಟ್ಯಾಮಲ್‌ಪೈಸ್ ಬೆಟ್ಟದ ಸುತ್ತಲಿನ ಹುಡುಗರು 1930–40ರ ದಶಕದ, ಭಾರದ ಶ್ವಿನ್ ಕಂಪನಿಯ ಹಳೆಯ ಸೈಕಲ್ಲುಗಳನ್ನು ಗುಡ್ಡಕ್ಕೆ ಒಯ್ದು ಮಣ್ಣುದಾರಿಯಲ್ಲಿ ಇಳಿಸುತ್ತಿದ್ದರು. ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು ಒಂದೇ ಇಳಿಜಾರಿಗೆ ಎಷ್ಟು ಕಾಯುತ್ತಿತ್ತೆಂದರೆ, ಒಳಗಿನ ಗ್ರೀಸು ಹೊಗೆಯಾಗಿ ಹೋಗಿ ಚಕ್ರದ ನಡುವಿನ ಹಬ್ ಬಿಚ್ಚಿ ಮತ್ತೆ ತುಂಬಬೇಕಾಗುತ್ತಿತ್ತು. ಹಾಗೆ ಮತ್ತೆ ತುಂಬಿಸುವ ಆ ಇಳಿಜಾರಿಗೆ ‘ರೀಪ್ಯಾಕ್’ ಎಂಬ ಹೆಸರು ಬಂತು. ಅಲ್ಲಿ ಮೊದಲ ಪಂದ್ಯ ನಡೆದದ್ದು 1976ರ ಅಕ್ಟೋಬರ್ 21ರಂದು. ಹಳೆಯ ಫ್ರೇಮುಗಳು ಮುರಿಯುತ್ತಿದ್ದುದರಿಂದ 1977ರಲ್ಲಿ ಅವರಲ್ಲೊಬ್ಬರಾದ ಜೋ ಬ್ರೀಜ್ ಈ ಬಳಕೆಗೆಂದೇ ಹೊಸದನ್ನು ಕಟ್ಟಿದರು. ಆ ಮೊದಲ ಸರಣಿಯಲ್ಲಿ ಆದದ್ದು ಹತ್ತೇ. 1979ರಿಂದ ರಿಚಿ ಕಟ್ಟಿದ ಫ್ರೇಮುಗಳನ್ನು ಅದೇ ಗುಂಪಿನ ಗ್ಯಾರಿ ಫಿಶರ್ ಮತ್ತು ಚಾರ್ಲಿ ಕೆಲ್ಲಿ ಮಾರತೊಡಗಿದರು. 1981ರಲ್ಲಿ ಜಪಾನಿನಲ್ಲಿ ತಯಾರಾದ ಸ್ಟಂಪ್‌ಜಂಪರ್ ಎಂಬ ಸೈಕಲ್ ಬಂದ ಮೇಲೆ ಮೌಂಟನ್ ಬೈಕ್ ಕಾರ್ಖಾನೆಯ ಸರಕಾಯಿತು. ಆದ್ದರಿಂದಲೇ ಅದಕ್ಕೂ ಹಿಂದಿನ ಕೈಕೆಲಸದ ಫ್ರೇಮುಗಳು ಅಷ್ಟು ಅಪರೂಪ.

ನಾನು ಉಳಿದ ಬಣ್ಣವನ್ನು ಉಜ್ಜಲಿಲ್ಲ, ಫ್ರೇಮನ್ನು ಮಾರಲೂ ಇಲ್ಲ. ಆ ಹಿರಿಯರೇ ಎರಡು ವರ್ಷ ಬಿಡಿಭಾಗಗಳನ್ನು ಹುಡುಕಿಕೊಟ್ಟರು; ಅವರ ಗೆಳೆಯರು ನನ್ನ ಗೆಳೆಯರಾದರು. ಇಂದಿಗೂ ಭಾನುವಾರಗಳಂದು ಅವರೊಂದಿಗೆ ಗುಡ್ಡ ಹತ್ತುತ್ತೇನೆ.

ನಿಮಗೆ ಸೈಕಲ್ಲೇ ಆಗಬೇಕೆಂದಿಲ್ಲ. ಆದರೂ ಒಮ್ಮೆ ಫೇರ್‌ಫ್ಯಾಕ್ಸಿಗೆ ಬನ್ನಿ. 2015ರಲ್ಲಿ ತೆರೆದ ಸೈಕಲ್ ಮ್ಯೂಸಿಯಮ್ ಅಲ್ಲಿದೆ. ಮೊದಲು ಅದನ್ನು ನೋಡಿ, ಆಮೇಲೆ ನನ್ನ ಇನ್ನೊಂದು ಸೈಕಲ್ಲಿನಲ್ಲಿ ಗುಡ್ಡಕ್ಕೆ ಹೋಗೋಣ. ಹೆಲ್ಮೆಟ್ ನನ್ನಲ್ಲಿದೆ, ನೀರಿನ ಬಾಟಲಿ ಮಾತ್ರ ತನ್ನಿ.