ಫಿಟ್ಸ್ ಮಾತ್ರೆಯಿಂದಲೇ ಜ್ವರ ಬರುವುದುಂಟೇ?

ನಿಮ್ಮ ಅಪ್ಪನಿಗೆ ಫಿಟ್ಸ್‌ಗೆಂದು ಫೆನಿಟಾಯಿನ್ ಮಾತ್ರೆ ಶುರುಮಾಡಿ ಎರಡು ವಾರವಾಗಿದೆ, ಜ್ವರ ಬಿಡುತ್ತಿಲ್ಲ, ಡೆಂಗಿ, ಟೈಫಾಯ್ಡ್, ಮೂತ್ರ ಪರೀಕ್ಷೆ ಎಲ್ಲ ನಾರ್ಮಲ್ ಎಂದಿದ್ದೀರಿ. ಹಾಗಿದ್ದರೆ ಮಾತ್ರೆಯ ಮೇಲೆ ಅನುಮಾನ ಪಡಲೇಬೇಕು.

ದೇಹದ ರೋಗನಿರೋಧಕ ವ್ಯವಸ್ಥೆ ಕೆಲವರಲ್ಲಿ ಔಷಧದ ವಿರುದ್ಧವೇ ತಿರುಗಿಬಿದ್ದು ಜ್ವರ ಬರಿಸುತ್ತದೆ. ಪೆನಿಸಿಲಿನ್, ಸಲ್ಫಾ, ಟಿಬಿ ಮಾತ್ರೆಗಳಿಂದಲೂ ಹೀಗಾಗುತ್ತದೆ. ಆಂಟಿಬಯಾಟಿಕ್ ಆದರೆ ಸಾಮಾನ್ಯವಾಗಿ ವಾರದೊಳಗೇ ಕಾಣಿಸಿಕೊಳ್ಳುತ್ತದೆ, ಫಿಟ್ಸ್ ಮಾತ್ರೆಗಳಿಗೆ ಎರಡು-ಮೂರು ವಾರವೂ ಹಿಡಿಯಬಹುದು. ಥರ್ಮಾಮೀಟರ್ 102 ತೋರಿಸುತ್ತಿದ್ದರೂ ರೋಗಿ ಆರಾಮಾಗಿ ಕೂತು ಪೇಪರ್ ಓದುತ್ತಿರುವುದುಂಟು. ಮೈಮೇಲೆ ಗಂಧೆ ಏಳಲೇಬೇಕೆಂದಿಲ್ಲ. ಖಚಿತಪಡಿಸುವ ರಕ್ತಪರೀಕ್ಷೆಯೂ ಇಲ್ಲ. ಔಷಧ ನಿಲ್ಲಿಸಿದ ಮೇಲೆ ಹೆಚ್ಚಾಗಿ 2-3 ದಿನದಲ್ಲಿ ಜ್ವರ ಇಳಿದರೆ ಅದೇ ದೊಡ್ಡ ಸಾಕ್ಷಿ.

ಹಾಗಂತ ನೀವೇ ನಿಲ್ಲಿಸಬೇಡಿ! ದಿಢೀರನೆ ಬಿಟ್ಟರೆ ಫಿಟ್ಸ್ ಮರುಕಳಿಸಬಹುದು. ನ್ಯೂರಾಲಜಿಸ್ಟ್‌ಗೆ ಹೇಳಿ, ಬೇರೆ ಮಾತ್ರೆ ಬರೆದುಕೊಡುತ್ತಾರೆ. ಕಾರ್ಬಮಜೆಪಿನ್ ಇದೇ ಬಳಗದ್ದು, ಅದಕ್ಕೂ ಹೀಗೇ ಆಗಬಹುದಾದ್ದರಿಂದ ಸಾಮಾನ್ಯವಾಗಿ ಲೆವೆಟಿರಾಸಿಟಮ್‌ನಂಥದ್ದನ್ನು ಆರಿಸುತ್ತಾರೆ. ಜ್ವರದ ಜೊತೆ ಮುಖ ಊದಿಕೊಂಡರೆ, ಮೈತುಂಬ ಕೆಂಪು ದದ್ದು, ಬಾಯಿಹುಣ್ಣು, ಕುತ್ತಿಗೆಯಲ್ಲಿ ಗಡ್ಡೆ ಅಥವಾ ಕಣ್ಣು ಹಳದಿಯಾಗಿರುವುದು ಕಂಡರೆ ಅಪಾಯಿಂಟ್‌ಮೆಂಟ್‌ಗೆ ಕಾಯದೆ ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ.