ಕಾಲೇಜು ಫುಟ್‌ಬಾಲ್ ಕೋಚ್‌ಗೆ ಅಷ್ಟೊಂದು ಸಂಬಳ ಎಲ್ಲಿಂದ?

ಟೆಕ್ಸಸ್‌ಗೆ ಎಂ.ಎಸ್. ಓದಲು ಬಂದ ಹೊಸತರಲ್ಲೇ ಒಳ್ಳೆಯ ಪ್ರಶ್ನೆ ಕೇಳಿದ್ದೀರಿ: ಯೂನಿವರ್ಸಿಟಿ ಅಧ್ಯಕ್ಷರಿಗಿಂತ ಅಮೆರಿಕನ್ ಫುಟ್‌ಬಾಲ್ ಕೋಚ್‌ಗೆ ಎಷ್ಟೋ ಪಟ್ಟು ಹೆಚ್ಚು ಸಂಬಳ ಹೇಗೆ, ಅದು ನಮ್ಮ ಫೀಸಿನಿಂದ ಹೋಗುತ್ತದೆಯೇ ಎಂದು.

ದೊಡ್ಡ ಕಾಲೇಜುಗಳಲ್ಲಿ ಹೆಚ್ಚಿನ ದುಡ್ಡು ಟಿವಿಯಿಂದ ಬರುತ್ತದೆ. ಕಾಲೇಜುಗಳು ಕಾನ್ಫರೆನ್ಸ್ ಎಂಬ ಗುಂಪು ಕಟ್ಟಿಕೊಂಡು ಪ್ರಸಾರದ ಹಕ್ಕನ್ನು ಒಟ್ಟಾಗಿ ಮಾರುತ್ತವೆ. ಬಿಗ್ ಟೆನ್ ಗುಂಪು 2022ರಲ್ಲಿ ಫಾಕ್ಸ್, ಸಿಬಿಎಸ್, ಎನ್‌ಬಿಸಿ ಜೊತೆ ಮಾಡಿಕೊಂಡ ಏಳು ವರ್ಷದ ಒಪ್ಪಂದ ಸುಮಾರು 700 ಕೋಟಿ ಡಾಲರಿನದು. ಇದಕ್ಕೆ ಟಿಕೆಟ್ಟು, ಹಳೆ ವಿದ್ಯಾರ್ಥಿಗಳ ದೇಣಿಗೆ ಸೇರಿಕೊಳ್ಳುತ್ತದೆ. ಆಟಗಾರರಿಗೆ ಸಂಬಳ ಕೊಡುವಂತಿರಲಿಲ್ಲವಾದ್ದರಿಂದ ಇಷ್ಟು ವರ್ಷ ಆ ದುಡ್ಡು ಕೋಚ್‌ಗಳ ಕಡೆಗೂ ಕಟ್ಟಡಗಳ ಕಡೆಗೂ ಹರಿಯಿತು. 2025ರಿಂದ ಕಾಲೇಜು ನೇರವಾಗಿ ಆಟಗಾರರಿಗೂ ಕೊಡಬಹುದು. ಮೊದಲ ವರ್ಷ ಒಂದು ಕಾಲೇಜಿಗೆ ಒಟ್ಟು ಮಿತಿ ಸುಮಾರು 2.05 ಕೋಟಿ ಡಾಲರ್.

ಕರಾರುಪತ್ರ ಓದಿದರೆ ಮೂಲ ಸಂಬಳ ಸಣ್ಣದಾಗಿ ಕಾಣುತ್ತದೆ. ಬಹುಪಾಲು ಮೊತ್ತ ಟಿವಿ, ರೇಡಿಯೋ ಕಾರ್ಯಕ್ರಮ, ಪ್ರಚಾರದ ಕೆಲಸದ ಹೆಸರಿನಲ್ಲಿ ಇರುತ್ತದೆ. ಗೆಲುವಿನ ಬೋನಸ್ಸಿನ ಬಗ್ಗೆ ಪತ್ರಿಕೆಗಳು ಎಷ್ಟೇ ಬರೆದರೂ ಒಟ್ಟು ಲೆಕ್ಕದಲ್ಲಿ ಅದು ಉಪ್ಪಿನಕಾಯಿಯಷ್ಟೇ.

ನಿಜವಾಗಿ ಸಂಬಳ ಏರಿಸುವುದು ಕೋಚ್ ಕೈತಪ್ಪಿ ಹೋದಾನು ಎಂಬ ಭಯ. ನವೆಂಬರ್ ಬಂತೆಂದರೆ ಬೇರೆ ಕಾಲೇಜುಗಳಲ್ಲಿ ಕುರ್ಚಿ ಖಾಲಿಯಾಗುತ್ತವೆ, ಏಜೆಂಟನ ಫೋನು ಬಿಡುವಿಲ್ಲದೆ ಬಡಿದುಕೊಳ್ಳುತ್ತದೆ. ಕರಾರಿನಲ್ಲಿ ಎರಡೇ ವರ್ಷ ಉಳಿದಿದ್ದರೆ ಇನ್ನೊಂದು ತೊಂದರೆ. ಹೈಸ್ಕೂಲಿನ ಒಳ್ಳೆಯ ಆಟಗಾರರು 'ನಾನು ಓದು ಮುಗಿಸುವವರೆಗೆ ಈ ಕೋಚ್ ಇರುತ್ತಾನೋ ಇಲ್ಲವೋ' ಎಂದು ಹಿಂಜರಿಯುತ್ತಾರೆ. ಹಾಗಾಗಿ ಅವಧಿ ಮುಗಿಯುವ ಮೊದಲೇ ವಿಸ್ತರಣೆ ಕೊಟ್ಟುಬಿಡುತ್ತಾರೆ.

ಕಾಲೇಜುಗಳು ಕೈಸುಟ್ಟುಕೊಳ್ಳುವುದು ಇಲ್ಲೇ. ಟೆಕ್ಸಸ್ ಎ ಅಂಡ್ ಎಂ ಯೂನಿವರ್ಸಿಟಿ 2017ರಲ್ಲಿ ಕೋಚ್ ಜಿಂಬೊ ಫಿಶರ್ ಅವರಿಗೆ 10 ವರ್ಷಕ್ಕೆ 7.5 ಕೋಟಿ ಡಾಲರ್ ಕೊಟ್ಟಿತು. 2021ರಲ್ಲಿ ಕರಾರನ್ನು 2031ರವರೆಗೆ ಎಳೆಯಿತು. 2023ರ ನವೆಂಬರಿನಲ್ಲಿ ಅವರನ್ನು ತೆಗೆದಾಗ ಕೊಡಬೇಕಾದ ಬೈಔಟ್, ಅಂದರೆ ಅವಧಿಗೆ ಮೊದಲೇ ತೆಗೆದರೆ ಕೊಡಬೇಕಾದ ಬಾಕಿ, 7.6 ಕೋಟಿ ಡಾಲರ್ ದಾಟಿತ್ತು! ಸಾಮಾನ್ಯವಾಗಿ ಕೋಚ್‌ಗೆ ಹೊಸ ಕೆಲಸ ಸಿಕ್ಕರೆ ಅಲ್ಲಿನ ಸಂಬಳವನ್ನು ಈ ಬಾಕಿಯಲ್ಲಿ ಕಳೆಯುವ ಷರತ್ತು ಇರುತ್ತದೆ. ಅವರ ಕರಾರಿನಲ್ಲಿ ಅದೂ ಇರಲಿಲ್ಲ.

ಇನ್ನು ನಿಮ್ಮ ಫೀಸು. ಸೆಮಿಸ್ಟರ್ ಬಿಲ್ಲಿನಲ್ಲಿ 'ಅಥ್ಲೆಟಿಕ್ಸ್ ಫೀ' ಎಂಬ ಸಾಲು ಇದೆಯೇ ನೋಡಿ. ಟಿವಿ ಆದಾಯವಿಲ್ಲದ ಸಣ್ಣ ಕಾಲೇಜುಗಳು ಇದನ್ನೇ ನೆಚ್ಚಿಕೊಂಡಿರುತ್ತವೆ. ಸರ್ಕಾರಿ ಯೂನಿವರ್ಸಿಟಿಯಾದರೆ ಕೋಚ್‌ನ ಕರಾರನ್ನು ರಾಜ್ಯದ ಮಾಹಿತಿ ಕಾಯ್ದೆಯಡಿ ಕೇಳಿ ಪಡೆಯಬಹುದು. ಖಾಸಗಿಯಾದರೆ ಬಹುತೇಕ ಅದು ತೆರಿಗೆ ಇಲಾಖೆಗೆ ಸಲ್ಲಿಸುವ ವಾರ್ಷಿಕ ಫಾರ್ಮ್ 990ರಲ್ಲಿ ಹೆಚ್ಚು ಸಂಬಳದವರ ಪಟ್ಟಿಯಲ್ಲಿ ಹೆಸರು ಸಿಗುತ್ತದೆ.